ಜರ್ಮನಿಯಿಂದ ವಖಾರಿಯ ಬಗ್ಗೆ ಬರೆಯುವವಳಿಗೆ

ತಂಗೀ,

ನೀನು ಜರ್ಮನಿಯಲ್ಲಿ ಕೂತು ನಿಪ್ಪಾಣಿಯ ತಂಬಾಕು ವಖಾರಿಗಳ ಬಗ್ಗೆ ಇಂಗ್ಲಿಷಿನಲ್ಲಿ ಬರೆದದ್ದನ್ನು ನಿಮ್ಮಪ್ಪ ತಂದು ಓದಿಸಿದ. ಕಾಕಾಗೆ ಸಿಟ್ಟು ಬಂದಿರಬೇಕು ಅಂದುಕೊಳ್ಳಬೇಡ. ಊರ ಹುಳುಕನ್ನು ಹೊರಗೆ ಆಡಬಾರದು ಅನ್ನುವವರ ಪೈಕಿ ನಾನಲ್ಲ. ಹಾಗನ್ನುವವರು ಊರ ಒಳಗೂ ಆಡಗೊಡುವುದಿಲ್ಲ, ನೋಡಿದ್ದೇನೆ. ದೂರ ಇದ್ದವರಿಗೆ ಸಾಹುಕಾರರ ಮುಲಾಜಿಲ್ಲ, ಓಣಿಯ ಹಿರೇಮಂದಿಯ ಹಂಗಿಲ್ಲ. ಧಾರಾಳ ಬರಿ. ಆದರೆ ಯಾರ ಬಗ್ಗೆ ಬರೆದೆಯೋ ಅವರ ಕೈಗೆ ಅದು ಸಿಗಬೇಕು, ‘ಇದು ಹಿಂಗಲ್ಲವಾ’ ಎಂದು ಅವರು ನಿನಗೆ ತಿರುಗಿ ಹೇಳುವ ಹಾಗಿರಬೇಕು.

ನಿನ್ನ ಬರಹದ ಹೆಂಗಸರು ಮೊದಲಿನಿಂದ ಕೊನೆಯ ತನಕ ಕೆಮ್ಮುತ್ತಲೇ ಇದ್ದಾರೆ. ಕೆಮ್ಮು ಸುಳ್ಳಲ್ಲ. ಮೂಗಿಗೆ ಬಟ್ಟೆ ಕಟ್ಟಿಕೊಂಡು ತಂಬಾಕು ಬಡಿದು ಜರಡಿ ಹಿಡಿದರೂ ಧೂಳು ಕಣ್ಣು ಗಂಟಲು ಬಿಡುವುದಿಲ್ಲ, ಮನೆಗೆ ಬಂದು ಮೈ ತೊಳೆದರೂ ಘಾಟು ಹೋಗುವುದಿಲ್ಲ. ಆದರೆ ಇವರೇ 80ರ ದಶಕದ ಹೊಸ್ತಿಲಲ್ಲಿ ಸಂಘ ಕಟ್ಟಿದವರು. ಪ್ರೊ. ಸುಭಾಷ ಜೋಶಿಯವರಂಥವರು ಜೊತೆಗೆ ನಿಂತರು, ನಿಜ. ಆದರೆ ಕೆಲಸ ಹೋದರೂ ಹೋಗಲಿ ಎಂದು ಗೇಟಿನಾಚೆ ಬಂದು ಕೂತವರು ಹೆಂಗಸರೇ. ಅದರ ಒಂದು ಸಾಲೂ ನಿನ್ನಲ್ಲಿಲ್ಲ.

ಅದಕ್ಕೆ ಸಾಕ್ಷಿ ಹುಡುಕಲು ನೀನು ಇಲ್ಲಿಗೆ ಬರಬೇಕಾಗಿಯೂ ಇಲ್ಲ. ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್, ನವರೋಜ್ ಕಾಂಟ್ರಾಕ್ಟರ್ ಇದ್ದ ಬೆಂಗಳೂರಿನ ‘ಯುಗಾಂತರ್’ ತಂಡ ಆ ಹೆಂಗಸರ ಮೇಲೆ 1982ರಲ್ಲಿ ‘ತಂಬಾಕೂ ಚಾಕಿಲಾ ಊಬ್ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ಅದನ್ನು ಇತ್ತೀಚೆಗೆ ಡಿಜಿಟಲ್ ರೂಪಕ್ಕೆ ತಂದು ಉಳಿಸಿದ್ದು ನಿನ್ನದೇ ದೇಶದ, ಬರ್ಲಿನ್‌ನ ಆರ್ಸೆನಲ್ ಸಂಸ್ಥೆ. ನಿಪ್ಪಾಣಿಯ ಹೆಂಗಸರು ಬರ್ಲಿನ್‌ನಲ್ಲಿ ಭದ್ರವಾಗಿದ್ದಾರೆ, ಇಲ್ಲಿಯ ಕಾಲೇಜು ಹುಡುಗರಿಗೆ ಅವರ ಸುದ್ದಿ ಗೊತ್ತಿಲ್ಲ! ಇರಲಿ. ಆ ತಂಡದವರೂ ಹೊರಗಿನವರೇ. ಆದರೆ ತಿಂಗಳುಗಟ್ಟಲೆ ಇಲ್ಲಿದ್ದು, ಏನು ತೋರಿಸಬೇಕು, ಹೇಗೆ ತೋರಿಸಬೇಕು ಎಂಬುದನ್ನು ಹೆಂಗಸರ ಜೊತೆಯೇ ಕೂತು ಗೊತ್ತುಮಾಡಿದರು. ನಿನಗೆ ತಿಂಗಳುಗಟ್ಟಲೆ ರಜೆ ಸಿಗುವುದಿಲ್ಲ. ಕೇಳುವುದಕ್ಕೆ ರಜೆ ಬೇಕಾಗಿಲ್ಲವಲ್ಲ.

ಕೊನೆಯಲ್ಲಿ ‘ತಂಬಾಕು ನಿಲ್ಲಿಸಿ’ ಎಂದಿದ್ದೀ. ಸೇದುವವರ ಎದೆ ನೆನೆದರೆ ಸರಿಯಾದ ಮಾತು. ಆದರೆ ನಮ್ಮ ಓಣಿಯ ಆತ್ಯಾಗೆ ಅದನ್ನು ಕನ್ನಡದಲ್ಲಿ ಓದಿ ಹೇಳಿದೆ. ಮಡಿಲಲ್ಲಿ ಮೊರ ಇಟ್ಟುಕೊಂಡು, ನೆನೆಸಿದ ಎಲೆಯ ಮೇಲೆ ತಗಡಿನ ಅಚ್ಚು ಒತ್ತಿ ಕತ್ತರಿ ಆಡಿಸುತ್ತಿದ್ದಳು. ಚಿಟಿಕೆ ಪುಡಿ, ಒಂದು ಸುರುಳಿ, ಉಗುರಿನಿಂದ ಬಾಯಿ ಮಡಚಿ ನೂಲು ಸುತ್ತಿದರೆ ಒಂದು ಬೀಡಿ. ಇಪ್ಪತ್ತೈದಕ್ಕೆ ಒಂದು ಕಟ್ಟು. ಕೈ ನಿಲ್ಲಿಸದೆಯೇ ಅಂದಳು: ‘ಹಂಗಾರ ನಾಳಿಂದ ಏನ್ ಮಾಡ್ಲಿ? ಆಕೀನ್ನೇ ಕೇಳು.’ ಇದಕ್ಕೆ ಉತ್ತರ ನನ್ನಲ್ಲೂ ಇರಲಿಲ್ಲ. 1966ರ ಬೀಡಿ ಕಾರ್ಮಿಕರ ಕಾನೂನು 2025ರ ತನಕ ಇತ್ತು, ಗುರುತಿನ ಚೀಟಿ ಇದೆ. ಬೀಡಿ ಮೇಲಿನ ಸೆಸ್ಸಿನಿಂದ ನಡೆಯುತ್ತಿದ್ದ ಕಲ್ಯಾಣ ನಿಧಿಯೂ ಇತ್ತು. 2017ರಲ್ಲಿ ಜಿಎಸ್‌ಟಿ ಬರುವಾಗ ಆ ಸೆಸ್ಸೇ ಹೋಯಿತು. ಇದನ್ನು ಯಾಕೆ ಬರೆಯಲಿಲ್ಲ? ಬೆಳೆಗಾರನ ಸುದ್ದಿಯನ್ನೂ ಬಿಟ್ಟಿದ್ದೀ. ತಂಬಾಕಿಗೆ ಸರಿಯಾದ ದರ ಕೇಳಿ ರೈತ ನಾಯಕ ಶರದ್ ಜೋಶಿಯವರ ಮುಂದಾಳುತನದಲ್ಲಿ ಹೆದ್ದಾರಿಯಲ್ಲಿ ಕೂತ ರೈತರ ಮೇಲೆ 1981ರ ಏಪ್ರಿಲ್ 6ರಂದು ಇದೇ ನಿಪ್ಪಾಣಿಯಲ್ಲಿ ಗೋಲಿಬಾರಾಗಿ ಹೆಣ ಬಿದ್ದವು. ಅದೇ ಎಲೆ, ಒಂದು ಕಡೆ ಅವನ ದರ, ಇನ್ನೊಂದು ಕಡೆ ಇವಳ ಕೂಲಿ. ನಡುವೆ ಇದ್ದವರು ಯಾರು ಎಂಬುದನ್ನು ಬಿಡಿಸಿ ಬರೆದರೆ ಅದು ಬರಹ.

ಪರದೇಶದಲ್ಲಿ ಕೂತು ಬರೆದವರಲ್ಲಿ ನೀನು ಮೊದಲಿನವಳಲ್ಲ. ಅಂಬೇಡ್ಕರರು ಜಾತಿಗಳ ಹುಟ್ಟಿನ ಬಗ್ಗೆ ಪ್ರಬಂಧ ಓದಿದ್ದು 1916ರ ಮೇ ತಿಂಗಳಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ಆಗ ಅವರಿಗೆ 25 ವರ್ಷ, ಹೆಚ್ಚೂಕಡಿಮೆ ನಿನ್ನ ವಯಸ್ಸು. ಅಲ್ಲಿಯ ಪಂಡಿತರಿಗೆ ಅದು ಇಂಗ್ಲಿಷಿನಲ್ಲೇ ಇರಬೇಕಿತ್ತು, ಇತ್ತು. ಆದರೆ ಆ ಜಾತಿಯ ಭಾರ ಹೊತ್ತವರ ಜೊತೆ ಮಾತಾಡುವ ಹೊತ್ತು ಬಂದಾಗ 1920ರ ಜನವರಿಯಲ್ಲಿ ‘ಮೂಕನಾಯಕ’ ಹೊರಡಿಸಿದರು, ಮರಾಠಿಯಲ್ಲಿ. ಅದಕ್ಕೆ ಹಣ ಕೊಟ್ಟವರು ನಮ್ಮ ಪಕ್ಕದ ಕೊಲ್ಲಾಪುರದ ಶಾಹೂ ಮಹಾರಾಜರು. ಲಂಡನ್ ಓದು ಮುಗಿಸಿ ಬಂದ ಮೇಲೆ 1925ರ ಏಪ್ರಿಲ್‌ನಲ್ಲಿ ಅವರು ಬಹಿಷ್ಕೃತ ವರ್ಗಗಳ ಪರಿಷತ್ತಿನ ಅಧ್ಯಕ್ಷರಾಗಿ ಬಂದದ್ದು ಈ ನಿಪ್ಪಾಣಿಗೇ. ಇಂಗ್ಲಿಷ್ ಬಿಡು ಅನ್ನುತ್ತಿಲ್ಲ. ಇಂಗ್ಲಿಷಿನಲ್ಲಿ ಬರೆದದ್ದನ್ನೇ ಕನ್ನಡದಲ್ಲೂ ಬರಿ, ಸಾಧ್ಯವಾದರೆ ಮರಾಠಿಗೂ ಮಾಡಿಸು. ವಖಾರಿಯಲ್ಲಿ ಎರಡೂ ನಡೆಯುತ್ತವೆ.

ದೇವದಾಸಿಯರ ಬಗ್ಗೆ ಮುಂದೆ ಬರೆಯುತ್ತೀಯಂತೆ. ಅಲ್ಲಿ ಮಾತ್ರ ಬಹಳ ಜ್ವಾಕಿ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡ, ಭಂಡಾರ ಬಳಿದ ಹಣೆ, ಕೊರಳ ಮುತ್ತು: ಹೊರಗಿನ ಪತ್ರಿಕೆಯವರಿಗೆ ಇಷ್ಟಿದ್ದರೆ ಊಟ ಮಾಡಿದಷ್ಟು ತೃಪ್ತಿ. 1982ರಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡುವುದರ ವಿರುದ್ಧ ರಾಜ್ಯ ಕಾನೂನು ತಂದ ಮೇಲೆ ಆದದ್ದೇನು, ಆಗದೆ ಉಳಿದದ್ದೇನು ಎಂದು ತಿಳಿಯಬೇಕಾದರೆ ಅಥಣಿ ಕಡೆ ನೋಡು. ವಕೀಲ ಬಿ.ಎಲ್. ಪಾಟೀಲರು ಕಟ್ಟಿದ ವಿಮೋಚನಾ ಸಂಘ ಆ ತಾಯಂದಿರ ಮಕ್ಕಳಿಗಾಗಿಯೇ ಮಲಬಾದದಲ್ಲಿ ವಸತಿ ಶಾಲೆ ನಡೆಸಿತು. ಅಲ್ಲಿ ಕಲಿತ ಹುಡುಗಿ ಇವತ್ತು ಎಲ್ಲೋ ನೌಕರಿಯಲ್ಲಿರಬಹುದು, ಲಗ್ನದ ಮಾತುಕತೆ ನಡೆದಿರಬಹುದು. ಅವಳ ತಾಯಿಯ ಫೋಟೋ ನಿನ್ನ ಬರಹದ ತಲೆಯ ಮೇಲೆ ಕೂತರೆ, ಹೆಸರು ಬದಲಿಸಿದ್ದೇನೆ ಎಂದರೂ ನಡೆಯದು. ಫೋಟೋ ಜರ್ಮನಿಯಿಂದ ಓಣಿಗೆ ಬರುವುದಕ್ಕೆ ಒಂದು ನಿಮಿಷ ಸಾಕು.

ಗಡಿಯ ಸುದ್ದಿಯನ್ನು ಸಿಟ್ಟಿನಲ್ಲಿದ್ದಾಗ ಬರೆಯಲೇಬೇಡ. ದೇವಚಂದ ಕಾಲೇಜಿಗೆ ಹೋದರೆ ಮಹಾರಾಷ್ಟ್ರ, ಸಂತೆಗೆ ಬಂದರೆ ಕರ್ನಾಟಕ, ಹಾಗೆ ಬದುಕುವ ಊರಿದು. ನೀನು ಅಲ್ಲಿ ಒಂದು ಮಾತು ಜೋರಾಗಿ ಆಡಿದರೆ ನಿನಗೇನೂ ಆಗುವುದಿಲ್ಲ. ಗಲಾಟೆಯಾದ ದಿನ ಕೊಗನೊಳಿ ನಾಕಾದಲ್ಲಿ ಬಸ್ಸಿನಿಂದ ಇಳಿದು, ಚೀಲ ಹೊತ್ತುಕೊಂಡು ಆಚೆ ನಡೆಯುವವರು ಬೇರೆ.

ಇನ್ನೊಂದು. ಸಾವಿರ ಬೀಡಿಗೆ ಸಿಗುವ ಮಜೂರಿಯನ್ನು ನೀನು ದಿನದ ಪಗಾರ ಎಂದು ಬರೆದಿದ್ದೀ. ದಿನಕ್ಕೆ ಸಾವಿರ ಕಟ್ಟುವುದು ಎಲ್ಲರ ಕೈಲಿ ಆಗುವುದಿಲ್ಲ. ಎಲೆ ಕಡಿಮೆ ಬಿದ್ದರೆ ಪದರಿನ ದುಡ್ಡು ಹಾಕಿ ತರಬೇಕು, ಕಂತ್ರಾಟದಾರ ಸರಿಯಿಲ್ಲವೆಂದು ಪಕ್ಕಕ್ಕೆ ತೆಗೆದದ್ದಕ್ಕೆ ಕಾಸಿಲ್ಲ. ಕೈಗೆ ಬರುವುದು ಅದೆಲ್ಲ ಹೋಗಿ ಉಳಿದದ್ದು. ಮೊದಲು ಅದನ್ನು ತಿದ್ದು. ಸರಿಯಾದ ಲೆಕ್ಕ ಆತ್ಯಾಗೆ ಬಾಯಿಪಾಠ. ರವಿವಾರ ಮಧ್ಯಾಹ್ನ ಅವಳು ಮನೆಯಲ್ಲೇ ಇರುತ್ತಾಳೆ, ನಿನ್ನ ಫೋನು ಬಂದರೆ ಮಾತಾಡುತ್ತಾಳಂತೆ.

ನಿನ್ನ ಕಾಕಾ