ಖಾತೆ ತಮ್ಮನ ಹೆಸರಿನಲ್ಲೇ ಇರಲಿ

ಕಣ್ಣು ಕಾಣದ ನಿಮ್ಮ ತಮ್ಮನಿಗೆ ಚೆಕ್ ಪುಸ್ತಕ, ಎಟಿಎಂ ಕಾರ್ಡ್ ಕೊಡಲಾಗದು, ಬೇಕಿದ್ದರೆ ನಿಮ್ಮೊಡನೆ ಜಂಟಿ ಖಾತೆ ತೆರೆಯಲಿ ಎಂದಿರುವ ಶಾಖೆಯ ಮಾತಿಗೆ ದಯವಿಟ್ಟು ಒಪ್ಪಬೇಡಿ. ಕರಾರು ಮಾಡಿಕೊಳ್ಳುವವರಲ್ಲಿ ಕಾನೂನು ನೋಡುವುದು ವಯಸ್ಸನ್ನು, ಸ್ವಸ್ಥ ಬುದ್ಧಿಯನ್ನು, ದೃಷ್ಟಿಯನ್ನಲ್ಲ. ಚೆಕ್ ಪುಸ್ತಕ, ಎಟಿಎಂ, ಲಾಕರ್, ನೆಟ್ ಬ್ಯಾಂಕಿಂಗ್ ಎಲ್ಲವನ್ನೂ ಅಂಧರಿಗೆ ಭೇದವಿಲ್ಲದೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2008ರ ಜೂನ್‌ನಲ್ಲೇ ಸುತ್ತೋಲೆ ಹೊರಡಿಸಿದೆ. ತಮ್ಮ ಹಣಕಾಸನ್ನು ತಾವೇ ನಿರ್ವಹಿಸುವ ಹಕ್ಕನ್ನು ಅಂಗವಿಕಲರ ಹಕ್ಕುಗಳ ಕಾಯ್ದೆ, 2016ರ 13ನೇ ಸೆಕ್ಷನ್ ಎತ್ತಿಹಿಡಿಯುತ್ತದೆ.

“ಮೋಸವಾದರೆ ಯಾರು ಹೊಣೆ?” ಎಂದು ಮ್ಯಾನೇಜರ್ ಕೇಳಿದ್ದರಲ್ಲಿ ಕಾಳಜಿಯೂ ಇರಬಹುದು. ಆದರೆ ಮೋಸ ಕಣ್ಣಿದ್ದವರಿಗೂ ಆಗುತ್ತದೆ. ಅದಕ್ಕಾಗಿ ಅವರಿಗೆ ಕಾರ್ಡ್ ನಿರಾಕರಿಸುವುದಿಲ್ಲ. ಜಂಟಿ ಖಾತೆಯಿಂದ ಅಪಾಯ ತಗ್ಗುವುದೂ ಇಲ್ಲ, ದುಡಿದವರ ಹಣ ಇನ್ನೊಬ್ಬರ ಕೈಗೂ ಎಟಕುತ್ತದೆ ಅಷ್ಟೆ. (ನೀವು ಪ್ರಾಮಾಣಿಕರು, ನಿಜ, ಎಲ್ಲ ಮನೆಗಳೂ ಹಾಗಿರುವುದಿಲ್ಲವಲ್ಲ.) ನಿಜವಾದ ರಕ್ಷಣೆ ಇರುವುದು ಮಾತನಾಡುವ ಎಟಿಎಂನಲ್ಲಿ, ಸ್ಕ್ರೀನ್ ರೀಡರ್‌ಗೆ ಹೊಂದುವ ಆ್ಯಪ್‌ನಲ್ಲಿ, ಷರತ್ತುಗಳನ್ನು ಓದಿ ಹೇಳುವ ಸಿಬ್ಬಂದಿಯಲ್ಲಿ. ಮೊಬೈಲ್ ಕೆವೈಸಿಯಲ್ಲಿ ಕಣ್ಣು ಮಿಟುಕಿಸಲೇಬೇಕು ಎಂಬ ಹಟವೂ ನಿಲ್ಲದು: ಡಿಜಿಟಲ್ ಸೇವೆಗಳ ಲಭ್ಯತೆ ಸಂವಿಧಾನದ 21ನೇ ವಿಧಿಯ ಭಾಗವೆಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ ಹೇಳಿ, ಪರ್ಯಾಯ ವಿಧಾನ ಒದಗಿಸಲು ಸೂಚಿಸಿದೆ.

ನಿರಾಕರಣೆಯ ಕಾರಣವನ್ನು ಬರಹದಲ್ಲಿ ಕೇಳಿ, ಸುತ್ತೋಲೆಯನ್ನು ಉಲ್ಲೇಖಿಸಿ ಬ್ಯಾಂಕಿಗೆ ಲಿಖಿತ ದೂರು ಕೊಡಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರಬಹುದು. ದೂರಿನಲ್ಲಿ ಸಹಿ ಅಥವಾ ಹೆಬ್ಬೆಟ್ಟು ನಿಮ್ಮ ತಮ್ಮನದೇ ಇರಲಿ.