ಮಗುವಿನ ವಿದ್ಯುತ್ ಕಾರು: ವೇಗ ಮುಖ್ಯವೋ, ಹತೋಟಿ ಮುಖ್ಯವೋ?

ಮಗು ಒಳಗೆ ಕುಳಿತು ತಾನೇ ನಡೆಸಬಹುದಾದ, ಬ್ಯಾಟರಿಯಿಂದ ಓಡುವ ಆಟಿಕೆಯ ಕಾರು ಈಗ ಮಹಾನಗರಗಳಿಗೆ ಮಾತ್ರ ಸೀಮಿತವಾದ ವಸ್ತುವಲ್ಲ. ಕಡೂರು, ತರೀಕೆರೆ, ಅಜ್ಜಂಪುರಗಳಂಥ ಊರುಗಳ ಮನೆಯಂಗಳಗಳಿಗೂ ಅದು ಬಂದಿದೆ. ಕಾರು ಮನೆಗೆ ಬಂದ ಕೆಲವೇ ದಿನಗಳಲ್ಲಿ, ವಿಜ್ಞಾನ ಓದುತ್ತಿರುವ ಅಣ್ಣನಿಗೋ ಅಕ್ಕನಿಗೋ ಅದನ್ನು ಬಿಚ್ಚಿ ನೋಡುವ ಕುತೂಹಲ ಹುಟ್ಟುವುದು ಸಹಜ. ‘6 ವೋಲ್ಟಿನ ಬ್ಯಾಟರಿಯ ಬದಲು 12 ವೋಲ್ಟಿನದನ್ನು ಇಟ್ಟರೆ ಇನ್ನೂ ಜೋರಾಗಿ ಓಡಲಾರದೇ?’ ಎಂಬ ಯೋಚನೆ ಅದರ ಹಿಂದೆಯೇ ಬರುತ್ತದೆ. ಓಡುತ್ತದೆ, ಸಂದೇಹವಿಲ್ಲ. ಆದರೆ ಚಿಕ್ಕ ಮಗುವಿಗೆ ಬೇಕಾದ ಮಾರ್ಪಾಟು ಅದಲ್ಲ. ಏಕೆಂಬುದನ್ನು ಭೌತಶಾಸ್ತ್ರದ ಸರಳ ನಿಯಮಗಳ ನೆರವಿನಿಂದ ವಿಚಾರ ಮಾಡೋಣ.

ಕಾರಿನ ಒಳಗೇನಿದೆ?

ಸಾಮಾನ್ಯವಾಗಿ ಆಸನದ ಕೆಳಗೆ ಅಥವಾ ಮುಂಭಾಗದ ಮುಚ್ಚಳದ ಅಡಿಯಲ್ಲಿ ಒಂದು ಬ್ಯಾಟರಿ ಇರುತ್ತದೆ. ಅನೇಕ ಕಾರುಗಳಲ್ಲಿ ಇದು ಸೀಸ ಮತ್ತು ಆಮ್ಲದ ಮುಚ್ಚಿದ ಬ್ಯಾಟರಿ. ಹಿಂಬದಿಯ ಎರಡು ಗಾಲಿಗಳಿಗೆ ಒಂದೊಂದರಂತೆ ಎರಡು ಪುಟ್ಟ ಮೋಟಾರುಗಳು. ಮೋಟಾರು ಅತಿ ವೇಗವಾಗಿ ತಿರುಗುತ್ತದೆ, ಆದರೆ ಅದರ ತಿರುಚುಬಲ ಅಲ್ಪ. ನಡುವೆ ಇರುವ ಪ್ಲಾಸ್ಟಿಕ್ ಹಲ್ಲುಚಕ್ರಗಳು ವೇಗವನ್ನು ತಗ್ಗಿಸಿ ಬಲವನ್ನು ಹೆಚ್ಚಿಸುತ್ತವೆ. ಪೆಡಲಿನ ಅಡಿಯಲ್ಲಿ ಒಂದು ಸ್ವಿಚ್ಚು. ಮುಂದಕ್ಕೆ ಹಾಗೂ ಹಿಂದಕ್ಕೆ ನಡೆಸಲು ಇನ್ನೊಂದು.

ಮೋಟಾರು ತಿರುಗುವಾಗ ಅದೇ ಒಂದು ಜನಕದಂತೆಯೂ ವರ್ತಿಸಿ, ಬ್ಯಾಟರಿಯ ವೋಲ್ಟೇಜಿಗೆ ಎದುರಾಗಿ ಪ್ರತಿ-ವೋಲ್ಟೇಜನ್ನು ಹುಟ್ಟಿಸುತ್ತದೆ. ಇದು ವೇಗಕ್ಕೆ ಅನುಪಾತದಲ್ಲಿರುತ್ತದೆ. ಮೋಟಾರಿನ ರೋಧ 0.4 ಓಮ್, ಸಮತಟ್ಟಾದ ಸಿಮೆಂಟಿನ ನೆಲದ ಮೇಲೆ ಅದು ಸೆಳೆಯುವ ಪ್ರವಾಹ 3 ಆಂಪೇರ್ ಎಂದು ಇಟ್ಟುಕೊಳ್ಳೋಣ. ಆಗ ರೋಧದಲ್ಲಿ ವ್ಯಯವಾಗುವುದು 1.2 ವೋಲ್ಟು, ಉಳಿದ 4.8 ವೋಲ್ಟು ಪ್ರತಿ-ವೋಲ್ಟೇಜು. ಆಗ ಕಾರಿನ ವೇಗ ಗಂಟೆಗೆ 4 ಕಿಲೋಮೀಟರು ಎಂದಿರಲಿ.

12 ವೋಲ್ಟು ಕೊಟ್ಟರೆ

ಹೊರೆ ಬದಲಾಗದಿದ್ದರೆ ಪ್ರವಾಹವೂ ಬದಲಾಗದು. ಹೀಗಾಗಿ 12 ವೋಲ್ಟಿನಲ್ಲಿ 1.2 ವೋಲ್ಟನ್ನು ಕಳೆದು ಉಳಿದ 10.8 ವೋಲ್ಟು ಪ್ರತಿ-ವೋಲ್ಟೇಜಾಗುತ್ತದೆ. ವೇಗ ಎರಡು ಪಟ್ಟನ್ನೂ ಮೀರಿ ಗಂಟೆಗೆ 9 ಕಿಲೋಮೀಟರು! ಇಲ್ಲಿಯವರೆಗೆ ಹುಡುಗರ ಊಹೆ ಸರಿಯೇ.

ಈಗ ಚಲನಶಕ್ತಿಯನ್ನು ಲೆಕ್ಕಮಾಡಿ. ಮಗು 15 ಕಿಲೋಗ್ರಾಮು, ಕಾರು 15 ಕಿಲೋಗ್ರಾಮು ಇದ್ದರೆ, 4 ಕಿಲೋಮೀಟರು ವೇಗದಲ್ಲಿ ಚಲನಶಕ್ತಿ ಸುಮಾರು 18 ಜೂಲ್. 9 ಕಿಲೋಮೀಟರಿನಲ್ಲಿ ಸುಮಾರು 94 ಜೂಲ್. ಮೊದಲನೆಯದು 6 ಸೆಂಟಿಮೀಟರು ಎತ್ತರದಿಂದ ಬೀಳುವುದಕ್ಕೆ ಸಮ. ಎರಡನೆಯದು 32 ಸೆಂಟಿಮೀಟರು ಎತ್ತರದಿಂದ. ಗೋಡೆಗೆ ತಾಗಿದಾಗ ಮಗುವಿನ ಮೈ ಭರಿಸಬೇಕಾದ ವ್ಯತ್ಯಾಸ ಇದು. ಪೆಡಲಿನಿಂದ ಕಾಲು ತೆಗೆಯಬೇಕೆಂದು ಮಗುವಿಗೆ ಹೊಳೆಯಲು ಒಂದೇ ಸೆಕೆಂಡು ಹಿಡಿದರೂ, ಅಷ್ಟರಲ್ಲಿ ಕಾರು 1.1 ಮೀಟರಿನ ಬದಲು 2.5 ಮೀಟರು ಸಾಗಿರುತ್ತದೆ.

ಮೋಟಾರಿನ ಪಾಡೇನು? ಗಾಲಿ ಕಲ್ಲಿಗೆ ಸಿಕ್ಕಿ ನಿಂತಿತೆನ್ನಿ. ಪ್ರತಿ-ವೋಲ್ಟೇಜು ಸೊನ್ನೆಯಾಗುತ್ತದೆ, ಪ್ರವಾಹವನ್ನು ತಡೆಯಲು ರೋಧವೊಂದೇ ಉಳಿಯುತ್ತದೆ. 6 ವೋಲ್ಟಿನಲ್ಲಿ 15 ಆಂಪೇರ್, 90 ವಾಟ್ ಶಾಖ. 12 ವೋಲ್ಟಿನಲ್ಲಿ 30 ಆಂಪೇರ್, 360 ವಾಟ್ ಶಾಖ. ತೋಟದ ಪಂಪಿನ ಮೋಟಾರು ಸಿಕ್ಕಿಕೊಂಡು ನಿಂತರೆ ಸುರುಳಿ ಸುಟ್ಟುಹೋಗುವುದನ್ನು ನಮ್ಮ ರೈತರೆಲ್ಲರೂ ಬಲ್ಲರು. ಇಲ್ಲಿಯೂ ಆಗುವುದು ಅದೇ.

ನೆಲದ ಗುಣ

ನಮ್ಮ ಸೀಮೆಯ ನೆಲ ಒಂದೇ ಬಗೆಯದಲ್ಲ. ಅಜ್ಜಂಪುರದ ಸುತ್ತಣ ಎರೆಮಣ್ಣು ಮಳೆ ಬಿದ್ದೊಡನೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ತರೀಕೆರೆಯಿಂದ ಪಶ್ಚಿಮಕ್ಕೆ ಹೋದಂತೆ ಏರುತಗ್ಗುಗಳು ಹೆಚ್ಚು. ಕಡೂರಿನ ಕಡೆ ಬಯಲು. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದಲ್ಲಿ ಸಾಕುವ ಅಮೃತಮಹಲ್ ಎತ್ತುಗಳು ನಡಿಗೆಯ ಚುರುಕಿಗೂ ತಾಳಿಕೆಗೂ ಹೆಸರಾದವು. ಅವೂ ಕೆಸರಿನಲ್ಲಿ ಗಾಡಿ ಎಳೆಯುವಾಗ ಹೆಜ್ಜೆ ನಿಧಾನಿಸುತ್ತವೆ. ಎತ್ತು ದಣಿದರೆ ನಿಂತುಬಿಡುತ್ತದೆ. ಮೋಟಾರಿಗೆ ಆ ವಿವೇಕವಿಲ್ಲ.

ಸಿಮೆಂಟಿನ ನೆಲದ ಮೇಲೆ ನಮ್ಮ ಕಾರನ್ನು ಉರುಳಿಸಲು 9 ನ್ಯೂಟನ್ ಬಲ ಸಾಕೆಂದುಕೊಳ್ಳಿ. 10 ಮೀಟರಿಗೆ 1 ಮೀಟರು ಏರುವ ದಾರಿಯಲ್ಲಿ ಇದಕ್ಕೆ ಇನ್ನೂ 29 ನ್ಯೂಟನ್ ಸೇರುತ್ತದೆ. ಎಳೆತ ನಾಲ್ಕು ಪಟ್ಟಾದರೆ ಪ್ರವಾಹವೂ ಹೆಚ್ಚುಕಡಿಮೆ ನಾಲ್ಕು ಪಟ್ಟು, ಎಂದರೆ 12 ಆಂಪೇರ್. ಶಾಖವು ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ ಹದಿನಾರು ಪಟ್ಟು! ಆದುದರಿಂದ ಈ ಕಾರಿಗೆ ತಕ್ಕ ಸ್ಥಳ ರಸ್ತೆಯೂ ಅಲ್ಲ, ಏರೂ ಅಲ್ಲ; ಅಡಕೆ ಒಣಗಿಸುವ ಸಮತಟ್ಟಾದ ಕಣ ಅಥವಾ ಸುತ್ತುಗೋಡೆಯಿರುವ ಅಂಗಳ.

ನಿಧಾನಿಸುವ ಉಪಾಯ

ಎರಡೂ ಮೋಟಾರುಗಳು ಸಮಾಂತರವಾಗಿ ಜೋಡಣೆಗೊಂಡಾಗ ಪ್ರತಿಯೊಂದಕ್ಕೂ ಪೂರ್ಣ 6 ವೋಲ್ಟು ದೊರೆಯುತ್ತದೆ. ಅವನ್ನೇ ಸರಣಿಯಲ್ಲಿ ಜೋಡಿಸಿದರೆ ತಲಾ 3 ವೋಲ್ಟು. ಆಗ ಪ್ರತಿ-ವೋಲ್ಟೇಜು 1.8, ವೇಗ ಗಂಟೆಗೆ 1.5 ಕಿಲೋಮೀಟರು. ಹೊಸದಾಗಿ ಏನನ್ನೂ ಕೊಳ್ಳದೆ ತಂತಿಗಳ ಜೋಡಣೆಯನ್ನು ಬದಲಿಸಿಯೇ ಇದನ್ನು ಸಾಧಿಸಬಹುದು. ಗಾಲಿಗಳು ಸಿಕ್ಕಿ ನಿಂತಾಗಲೂ ಪ್ರವಾಹ 7.5 ಆಂಪೇರನ್ನು ಮೀರದು. ಎರಡು ವೇಗಗಳ ಅನೇಕ ಕಾರುಗಳಲ್ಲಿ ಅಡಗಿರುವ ಮರ್ಮ ಇದೇ. ಹಳೆಯ ವಿದ್ಯುತ್ ರೈಲುಗಳೂ ಟ್ರಾಮುಗಳೂ ನಿಂತಲ್ಲಿಂದ ಹೊರಡುವಾಗ ಇದೇ ಉಪಾಯವನ್ನು ಅನುಸರಿಸುತ್ತಿದ್ದವು. ಇದರಲ್ಲಿ ಒಂದು ಕೊರತೆಯುಂಟು: ಮೇಲೆ ಹೇಳಿದ ಏರನ್ನು ಕಾರು ಹತ್ತಲಾರದು. ಚಿಕ್ಕ ಮಗುವಿನ ಮಟ್ಟಿಗೆ ಇದು ಕೊರತೆಯಲ್ಲ, ಕಾವಲು.

ಬ್ರೇಕಿಲ್ಲದ ಕಾರು ನಿಲ್ಲುವುದು ಹೇಗೆ?

ಇಂಥ ಅನೇಕ ಕಾರುಗಳಲ್ಲಿ ಬೇರೆ ಬ್ರೇಕು ಇರುವುದಿಲ್ಲ. ಆದರೂ ಕಾಲು ತೆಗೆದೊಡನೆ ಅವು ನಿಲ್ಲುತ್ತವೆ. ಪೆಡಲಿನ ಸ್ವಿಚ್ಚನ್ನು ಪರೀಕ್ಷಿಸಿದರೆ ಅದಕ್ಕೆ ಎರಡಲ್ಲ, ಮೂರು ತುದಿಗಳಿರುವುದು ಕಾಣುತ್ತದೆ. ಪೆಡಲನ್ನು ಒತ್ತಿದಾಗ ಮೋಟಾರು ಬ್ಯಾಟರಿಗೆ ಸೇರುತ್ತದೆ. ಬಿಟ್ಟಾಗ ಮೋಟಾರಿನ ಎರಡು ತುದಿಗಳೂ ಪರಸ್ಪರ ಕೂಡಿಕೊಳ್ಳುತ್ತವೆ. ಉರುಳುತ್ತಿರುವ ಗಾಲಿ ಮೋಟಾರನ್ನು ತಿರುಗಿಸಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆ ಪ್ರವಾಹವೇ ಚಲನೆಯನ್ನು ವಿರೋಧಿಸುತ್ತದೆ. ಲೆನ್ಸನ ನಿಯಮ ಮಗುವನ್ನು ಕಾಯುವ ಬಗೆ ಇದು!

ಇದನ್ನು ಅರಿಯದೆ ಮೂರು ತುದಿಗಳ ಸ್ವಿಚ್ಚನ್ನು ಕಿತ್ತು ಎರಡು ತುದಿಗಳ ಸಾಧಾರಣ ಸ್ವಿಚ್ಚನ್ನು ಹಾಕಿದರೆ, ಕಾರು ಓಡುವುದೇನೋ ಓಡುತ್ತದೆ. ಆದರೆ ಬ್ರೇಕು ಮಾಯವಾಗಿರುತ್ತದೆ.

ನಡೆಯಲಾರದ ಮಗುವಿಗೆ

ಇಲ್ಲಿಯವರೆಗಿನ ವಿಚಾರಕ್ಕೆ ನಿಜವಾದ ಬೆಲೆ ಬರುವುದು ಕಾಲಿನಲ್ಲಿ ಶಕ್ತಿಯಿಲ್ಲದ ಮಗುವನ್ನು ನೆನೆದಾಗ. 1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬ ವಿಜ್ಞಾನಿಗಳು, ಕತ್ತಲೆಯಲ್ಲಿ ಬೆಳೆಸಿದ ಬೆಕ್ಕಿನ ಮರಿಗಳ ಮೇಲೆ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಒಂದು ಮರಿ ತಾನೇ ನಡೆದು ಒಂದು ಸುತ್ತುಯಂತ್ರವನ್ನು ತಿರುಗಿಸುತ್ತಿತ್ತು. ಅದರ ಜೊತೆಯ ಮರಿ ತೊಟ್ಟಿಲಲ್ಲಿ ಕುಳಿತು ಸುಮ್ಮನೆ ಸುತ್ತುತ್ತಿತ್ತು. ಎರಡೂ ನೋಡಿದ್ದು ಒಂದೇ ದೃಶ್ಯ. ಆದರೆ ಕುಳಿತ ಮರಿಗೆ ಕಣ್ಣಿನಿಂದ ಆಳವನ್ನರಿತು ಹೆಜ್ಜೆಯಿಡಲು ಬರಲಿಲ್ಲ. ಬೆಳಕಿನಲ್ಲಿ ಸ್ವತಂತ್ರವಾಗಿ ಓಡಾಡಲು ಬಿಟ್ಟ ಮೇಲೆ ಈ ಕೊರತೆ ನೀಗಿತು. ಬೆಕ್ಕಿನ ಮರಿಯೂ ಮನುಷ್ಯನ ಮಗುವೂ ಒಂದೇ ಅಲ್ಲ. ಆದರೂ ತಾನೇ ಚಲಿಸುವುದಕ್ಕೂ ಇತರರು ಎತ್ತಿಕೊಂಡು ತಿರುಗುವುದಕ್ಕೂ ಭೇದವುಂಟೆಂಬುದು ಇದರಿಂದ ವ್ಯಕ್ತವಾಯಿತು.

ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಕೋಲ್ ಗ್ಯಾಲೊವೇ ಎಂಬ ಭೌತಚಿಕಿತ್ಸಾ ತಜ್ಞರು ಮತ್ತು ಸುನಿಲ್ ಅಗ್ರವಾಲ್ ಎಂಬ ಯಂತ್ರಶಾಸ್ತ್ರಜ್ಞರು, ಎಳೆಯ ಮಕ್ಕಳು ತಾವೇ ನಡೆಸಬಲ್ಲ ಯಂತ್ರಗಳ ಬಗ್ಗೆ ಸಂಶೋಧನೆ ನಡೆಸಿದರು. ಮುಂದೆ ಗ್ಯಾಲೊವೇ ಅವರು ಅಂಗಡಿಯಲ್ಲಿ ಸಿಗುವ ಆಟಿಕೆಯ ಕಾರನ್ನೇ ಮಾರ್ಪಡಿಸುವ ದಾರಿ ಹಿಡಿದರು. 2012ರಲ್ಲಿ ಇದರ ತಾಂತ್ರಿಕ ವಿವರ ಪ್ರಕಟವಾಯಿತು. ಪೆಡಲಿನ ಬದಲು ಕೈಯಿಂದ ಒತ್ತುವ ಅಗಲವಾದ ಗುಂಡಿ. ಮೈ ವಾಲದಂತೆ ಪಿ.ವಿ.ಸಿ. ಕೊಳವೆಯ ಚೌಕಟ್ಟು, ಅದಕ್ಕೆ ಮೆತ್ತನೆಯ ಹೊದಿಕೆ, ಪಟ್ಟಿಗಳು: ಮುಖ್ಯವಾದ ಮಾರ್ಪಾಟುಗಳು ಇಷ್ಟೇ.

ಗುಂಡಿಯ ಸ್ವಿಚ್ಚು ಹೆಚ್ಚು ಪ್ರವಾಹವನ್ನು ತಾಳದು. ಆದುದರಿಂದ ಅದು ಒಂದು ರಿಲೇಯನ್ನು ಮಾತ್ರ ನಡೆಸಲಿ. ಮೋಟಾರಿನ ಪ್ರವಾಹವನ್ನು ರಿಲೇ ಹೊರಲಿ. ಆ ರಿಲೇಗೂ ಮೂರು ತುದಿಗಳ ಸಂಪರ್ಕವಿರಬೇಕು. ಬಿಟ್ಟಾಗ ಬ್ರೇಕು ಹಿಡಿಯುವ ಗುಣ ಉಳಿಯಬೇಕು. ಬ್ಯಾಟರಿಯ ಧನಾಗ್ರದ ಪಕ್ಕದಲ್ಲಿಯೇ, ತಂತಿ ತಾಳುವ ಪ್ರವಾಹವನ್ನು ಮೀರದ ಫ್ಯೂಸು ಇರಲಿ. ಪುಟ್ಟ ಬ್ಯಾಟರಿಯೂ ತುದಿಗಳು ನೇರವಾಗಿ ಕೂಡಿದಾಗ ತಂತಿಯನ್ನು ಕೆಂಪಗೆ ಕಾಯಿಸಬಲ್ಲದು. 6 ವೋಲ್ಟಿನ ಬ್ಯಾಟರಿಗೆ ಅದರದೇ ಚಾರ್ಜರನ್ನು ಬಳಸಬೇಕು. ಆಸನದ ಆಧಾರ ಹೇಗಿರಬೇಕೆಂಬುದನ್ನು ಮಗುವನ್ನು ಬಲ್ಲ ಭೌತಚಿಕಿತ್ಸಕರೇ ನಿರ್ಧರಿಸಲಿ. ಮಗು ಕಾರಿನಲ್ಲಿರುವಷ್ಟು ಹೊತ್ತೂ ದೊಡ್ಡವರೊಬ್ಬರು ಕೈಗೆಟುಕುವ ದೂರದಲ್ಲಿರಬೇಕು.

ಗಂಟೆಗೆ ಒಂದೂವರೆ ಕಿಲೋಮೀಟರು ನಮಗೆ ಆಮೆಯ ನಡಿಗೆ. ಆದರೆ ಇದುವರೆಗೆ ಇತರರ ತೋಳಿನಲ್ಲಿ ಮಾತ್ರ ಚಲಿಸಿದ ಮಗುವಿಗೆ, ತಾನು ಒತ್ತಿದರೆ ಹೋಗುವ, ಬಿಟ್ಟರೆ ನಿಲ್ಲುವ ಆ ವೇಗವೇ ಸ್ವಾತಂತ್ರ್ಯ.

ಅಭ್ಯಾಸ

1. ಸಮತಟ್ಟಾದ ನೆಲದ ಮೇಲೆ 10 ಮೀಟರು ಅಳತೆಯ ಎರಡು ಗೆರೆಗಳನ್ನು ಎಳೆದು, ಕಾರು ಅದನ್ನು ದಾಟುವ ಕಾಲವನ್ನು ಅಳೆಯಿರಿ. 9 ಸೆಕೆಂಡು ಹಿಡಿದರೆ ವೇಗವೆಷ್ಟು?

2. ಸರಣಿಯ ಜೋಡಣೆಯಲ್ಲಿ ಗಾಲಿಗಳೆರಡೂ ಸಿಕ್ಕಿ ನಿಂತರೆ ಪ್ರತಿ ಮೋಟಾರಿನಲ್ಲಿ ಹುಟ್ಟುವ ಶಾಖ ಎಷ್ಟು ವಾಟ್? ಸಮಾಂತರ ಜೋಡಣೆಯ 90 ವಾಟಿಗೆ ಹೋಲಿಸಿ.

3. ಬ್ಯಾಟರಿಯಿಂದ ಬಿಡಿಸಿದ ಒಂದು ಪುಟ್ಟ ಮೋಟಾರಿನ ಅಚ್ಚನ್ನು ಬೆರಳಿನಿಂದ ತಿರುಗಿಸಿ. ಅನಂತರ ಅದರ ಎರಡು ತುದಿಗಳನ್ನು ತಂತಿಯಿಂದ ಕೂಡಿಸಿ ಮತ್ತೆ ತಿರುಗಿಸಿ. ಬೆರಳಿಗೆ ತಿಳಿಯುವ ವ್ಯತ್ಯಾಸಕ್ಕೆ ಕಾರಣವನ್ನು ಬರೆಯಿರಿ.