ಕಳೆದ ಸಂಗತಿಗಳನ್ನು ಮಕ್ಕಳ ಸಂಗಡ ಮಾತಾಡುವದು

ನನ್ನ ತಾಯಿ ತೀರಿಹೋದಾಗ ನನ್ನ ಮಗನಿಗೆ ಮೂರು ವರುಷ ತುಂಬಿತ್ತಷ್ಟೇ. ಕೂಸು ದುಃಖಪಡಬಾರದೆಂದು ನಾವು ಮನೆಯಲ್ಲಿ ಅಜ್ಜಿಯ ಮಾತನ್ನೇ ಎತ್ತದೆ ಇದ್ದೆವು. ಎರಡು ವರುಷಗಳಾದ ಮೇಲೆ ಅವನು ಗೋಡೆಯ ಪಟವನ್ನು ತೋರಿಸಿ, "ಅಪ್ಪಾ, ಇವರು ಯಾರು?" ಎಂದು ಕೇಳಿದನು. ಅವನನ್ನು ದಿನಾಲು ಮೀಯಿಸಿದ ಕೈಗಳು ಅವರವೇ ಆಗಿದ್ದವು.

ಮೂರು ಮೂರೂವರೆ ವರುಷ ಪ್ರಾಯಕ್ಕೆ ಮುಂಚಿನ ಸಂಗತಿಗಳು ದೊಡ್ಡವರಲ್ಲಿ ಬಹುಜನರಿಗೆ ನೆನಪಿರುವದಿಲ್ಲ. ಆದಾಗ್ಯೂ ಚಿಕ್ಕವರಿಗೆ ನೆನಪಿನ ಶಕ್ತಿಯೇ ಇಲ್ಲವೆಂದು ತಿಳಿಯಬಾರದು. ಎರಡು ವರುಷದ ಕೂಸು ಸಹ ಮೊನ್ನೆ ಕಂಡದ್ದನ್ನು ಹೇಳುತ್ತದೆ. ಆದರೆ ಮಾತಿನಿಂದ ಕಟ್ಟದೆ ಇದ್ದ ನೆನಪು ಹಗ್ಗ ಬಿಚ್ಚಿದ ಕರುವಿನ ಹಾಗೆ ಹೋಗಿಬಿಡುವದು.

ಎಲೇನ್ ರೀಸ್, ಕ್ಯಾಥರಿನ್ ಹೇಡನ್, ರಾಬಿನ್ ಫೈವುಷ್ ಎಂಬ ಮೂವರು ವಿದುಷಿಯರು ಅಮೇರಿಕದಲ್ಲಿ ತಾಯಂದಿರೂ ಮಕ್ಕಳೂ ಕಳೆದದ್ದನ್ನು ಮಾತಾಡುವ ರೀತಿಯನ್ನು ಪರೀಕ್ಷಿಸಿ, 1993ರಲ್ಲಿ ಪ್ರಕಟಿಸಿದರು. ಮಕ್ಕಳಿಗೆ 40 ತಿಂಗಳಾದಂದಿನಿಂದ 70 ತಿಂಗಳಾಗುವ ತನಕ ನಾಲ್ಕು ಸಾರಿ ಕೇಳಿ ನೋಡಿದರು. ಕೆಲವು ತಾಯಂದಿರು ಒಂದೇ ಪ್ರಶ್ನೆಯನ್ನು ತಿರುತಿರುಗಿ ಹಾಕುತ್ತಿದ್ದರು. ಬೇರೆ ಕೆಲವರು ಮಗುವಿನ ಮಾತಿಗೆ ಇನ್ನಷ್ಟು ಕೂಡಿಸಿ ಮುಂದಕ್ಕೆ ಕೇಳುತ್ತಿದ್ದರು. ಈ ಎರಡನೆಯವರ ಮಕ್ಕಳೇ ಮುಂದೆ ಹೆಚ್ಚಾಗಿ ನೆನಸಿ ಹೇಳಬಲ್ಲವರಾದರು. ಹಿಂದಿನದನ್ನು ಹೇಳಿಕೊಳ್ಳುವದಕ್ಕೆ ಬಹಳ ಬೆಲೆಕೊಡುವ ನ್ಯೂಜೀಲೆಂಡಿನ ಮಾವೊರಿ ಜನರಲ್ಲಿ ಮೊದಲನೆಯ ನೆನಪು ಸರಾಸರಿ 33 ತಿಂಗಳ ಪ್ರಾಯದ್ದು, ಅಲ್ಲಿಯ ಯುರೋಪಿಯ ಮೂಲದವರಲ್ಲಿ 43 ತಿಂಗಳದ್ದು ಎಂದು 2000ದಲ್ಲಿ ಪ್ರಕಟವಾದ ಮತ್ತೊಂದು ಶೋಧನೆಯಿಂದ ತಿಳಿಯಿತು.

"ಸಂತೆಯಲ್ಲಿ ಏನು ಕಂಡಿ? ಹೇಳು! ಏನು ಕಂಡಿ?" ಎಂದು ಕೇಳುವದು ಪೊಲೀಸರ ವಿಚಾರಣೆಯೇ ಸರಿ. ನಾನೂ ಹಾಗೆಯೇ ಕೇಳುತ್ತಿದ್ದೆನು. ಹುಡುಗನು "ಎತ್ತು" ಅಂದರೆ ನನ್ನ ಹೆಂಡತಿಯಾದರೋ, "ಹೌದು ಮಗನೇ, ಕೊಂಬಿಗೆ ಕೆಂಪು ಬಣ್ಣ ಹಚ್ಚಿದ ಎತ್ತು, ಅದು ತಲೆ ಕೊಡವಿದಾಗ ನೀನೇನು ಮಾಡಿದಿ?" ಅನ್ನುವಳು. ಆಗ ಅವನ ಬಾಯಿ ನಿಲ್ಲುವದಿಲ್ಲ. ಇದಕ್ಕೆ ಪುಸ್ತಕ ಬೇಡ, ಹಣ ಬೇಡ. ಒಲೆಯ ಮುಂದೆ ಕೂತಿರುವಾಗಲೇ ಆಗುವದು.

ಆದರೆ ಒಂದು ಎಚ್ಚರಿಕೆ ಅವಶ್ಯ. 1995ರಲ್ಲಿ ಪ್ರಕಟವಾದ ಎಲಿಜಬೆತ್ ಲಾಫ್ಟಸ್ ಎಂಬವರ ಪರೀಕ್ಷೆಯಲ್ಲಿ 24 ಮಂದಿ ದೊಡ್ಡವರಿಗೆ, "ನೀವು ಚಿಕ್ಕಂದಿನಲ್ಲಿ ಅಂಗಡಿಗಳ ದೊಡ್ಡ ಕಟ್ಟಡದಲ್ಲಿ ತಪ್ಪಿಹೋಗಿದ್ದಿರಿ" ಎಂಬ ಸುಳ್ಳು ಸಂಗತಿಯನ್ನು ಮನೆಯವರು ಹೇಳಿದ್ದೆಂದು ತಿಳಿಸಲಾಯಿತು. ಸುಮಾರು ಕಾಲು ಪಾಲು ಜನರು ಅದನ್ನು ಸ್ವಲ್ಪವಾಗಲಿ ಪೂರ್ತಿಯಾಗಲಿ ನೆನಪಿದೆಯೆಂದರು. ದೊಡ್ಡವರೇ ಹೀಗಾದರೆ ಕೂಸುಗಳ ಗತಿಯೇನು? ಆದದರಿಂದ ಕಥೆ ಚಂದವಾಗಲೆಂದು ನಡೆಯದ್ದನ್ನು ಸೇರಿಸಬಾರದು.

ಈಗ ನಾವು ರಾತ್ರಿ ಊಟವಾದ ಮೇಲೆ ಅಜ್ಜಿಯ ಮಾತು ಆಡುತ್ತೇವೆ. ಮೊನ್ನೆ ಹುಡುಗನು, "ಅಜ್ಜಿಯ ಕೈ ಒರಟಾಗಿತ್ತು" ಅಂದನು. ನಮ್ಮ ಮಾತಿನಿಂದ ಬಂದದ್ದೋ ಅವನೊಳಗೆ ಉಳಿದದ್ದೋ, ಹೇಳಲಾರೆನು. ಕೈ ಒರಟಾಗಿದ್ದದ್ದು ನಿಜ.